ನಿಲ್ಲೋರಿಗೆ ಪಗಾರಿಲ್ಲ, ಪಗಾರಿದ್ದೋರು ನಿಲ್ಲಂಗಿಲ್ಲ: ಇಂಡಿ ತಾಲೂಕಿನ ಒಂದು ಸರ್ಕಾರಿ ಸಾಲಿ ಲೆಕ್ಕ

ಈ ಸಾಲಿ ಹೆಸ್ರು ನಾ ಹಾಕಂಗಿಲ್ಲ, ಹಾಕಿದ್ರ ಅಲ್ಲಿರೋ ಮಾಸ್ತರ ಮಂದಿಗೆ ನಾಳಿಂದ ಫೋನ್ ಚಾಲೂ ಆಗ್ತಾವ, ಅವ್ರದು ತಪ್ಪೂ ಇಲ್ಲ. ಇಂಡಿ ತಾಲೂಕು, ಭೀಮಾ ಹೊಳಿ ಕಡಿಗೆ ಇರೋ ಊರು, 1ರಿಂದ 8ನೇ ಕ್ಲಾಸ್ ತನಕ ಹಿರಿಯ ಪ್ರಾಥಮಿಕ ಸಾಲಿ. ಅರ್ಧ ಹುಡುಗ್ರು ಊರಾಗಿನವ್ರು, ಉಳಿದ ಅರ್ಧ ಬಾಜೂ ತಾಂಡಾದಿಂದ ಮತ್ತ ಲಿಂಬಿ ತೋಟದ ವಸ್ತಿಗಳಿಂದ ಬರೋರು. ಆ ಕ್ಲಸ್ಟರಿಗೆ (ಸುತ್ತಲಿನ ಸಾಲಿಗಳ ಗುಂಪು) ನಾ ಸಿಆರ್‌ಪಿ, ಅಂದ್ರ ಸಂಪನ್ಮೂಲ ವ್ಯಕ್ತಿ, ಇದ್ದಾಗಿಂದ ಈ ಸಾಲಿ ನೋಡಕೋತ ಬಂದೀನಿ, ಈಗ ಅವಧಿ ಮುಗದು ಬ್ಯಾರೆ ಊರಾಗ ಪಾಠ ಮಾಡ್ಲಿಕತ್ತೀನಿ, ಆದ್ರೂ ಅಲ್ಲಿ ಎಸ್‌ಡಿಎಂಸಿ (ಸಾಲಿ ಉಸ್ತುವಾರಿ ಸಮಿತಿ) ಮಂದಿ ಫೋನ್ ಮಾಡೋದು ಬಿಟ್ಟಿಲ್ಲ. "ಸರ್ಕಾರಿ ಮಾಸ್ತರಿಗೆ ಪಗಾರ ಭಾಳ ಆತು" ಅನ್ನೋರೂ, "ಪಗಾರ ಸಾಲವಲ್ದು, ಅದಕ್ಕ ಒಳ್ಳೆ ಮಂದಿ ಈ ಲೈನಿಗೆ ಬರಂಗಿಲ್ಲ" ಅನ್ನೋರೂ ಈ ಒಂದ ಸಾಲಿ ಲೆಕ್ಕ ಸಾವಕಾಶ ನೋಡ್ಲಿ ಅಂತ ಇಷ್ಟುದ್ದ ಬರೀಲಿಕತ್ತೀನಿ.

ಮೊದ್ಲ ಹುದ್ದೆ. ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆ 2009ರ ಪ್ರಕಾರ 1ರಿಂದ 5ಕ್ಕ 30 ಹುಡುಗ್ರಿಗೆ ಒಬ್ರು, 6ರಿಂದ 8ಕ್ಕ 35 ಹುಡುಗ್ರಿಗೆ ಒಬ್ರು, ಮ್ಯಾಲ ಗಣಿತ-ವಿಜ್ಞಾನ, ಸಮಾಜ, ಭಾಷಾ ಅಂತ ವಿಷಯಕ್ಕೊಬ್ರು ಇರಲೇಬೇಕು. ಆ ಲೆಕ್ಕದಾಗ ಇಲ್ಲಿ ಏಳು ಹುದ್ದೆ, ಇರೋ ಕಾಯಂ ಮಂದಿ ಮೂರು. ಅದೇ ಕಾಯ್ದೆಯ 26ನೇ ಕಲಂ ಏನ್ ಹೇಳತೈತಿ ಅಂದ್ರ, ಒಂದು ಸಾಲಿಗೆ ಮಂಜೂರಾದ ಹುದ್ದೆಯೊಳಗ 10%ಕ್ಕಿಂತ ಹೆಚ್ಚು ಖಾಲಿ ಬಿಡಬಾರ್ದು. ಏಳರಾಗ 10% ಅಂದ್ರ ಒಬ್ಬ ಮನಷ್ಯಾನೂ ಆಗಂಗಿಲ್ಲ, ಅಂದ್ರ ಕಾಯ್ದೆ ಓದಿದ್ರ ಇಲ್ಲಿ ಒಂದೂ ಕುರ್ಚಿ ಖಾಲಿ ಇರಂಗಿಲ್ಲ. ಖರೇನ ನಾಕು ಖಾಲಿ ಅದಾವ, ನಾ ನೋಡಿದಾಗಿಂದ್ಲೂ ಇದೇ ಕತಿ, ಒಬ್ರು ಬಂದ್ರ ಇನ್ನೊಬ್ರು ಹೋಗಿರತಾರ. ಆ ಜಾಗಕ್ಕ ಇಬ್ರು ಅತಿಥಿ ಶಿಕ್ಷಕರು. ಈ ಸಾಲಿದಷ್ಟ ಅಲ್ಲ, 2025-26ಕ್ಕ ಇಡೀ ರಾಜ್ಯದಾಗ 51,000 ಅತಿಥಿ ಶಿಕ್ಷಕರನ್ನ ತಗೋಳಾಕ ಸರ್ಕಾರ ಒಪ್ಪಿಗಿ ಕೊಟ್ಟೈತಿ, ಅಷ್ಟು ದೊಡ್ಡ ತೂತಿಗೆ ತ್ಯಾಪಿ ಹಚ್ಚಿದಂಗ ಅದು.

ಈ ಕತಿಯಾಗ ಮುಖ್ಯ ಮೂರು ಮಂದಿ. ಒಬ್ರು ಹಿರೇ ಅಕ್ಕೋರು, ಪ್ರಭಾರಿ ಹೆಡ್‌ಮಾಸ್ತರಿಕಿ ಅವ್ರದೇ, 2001ರಾಗ ನೌಕರಿಗೆ ಸೇರಿದವ್ರು, ಇಂಡಿಯಾಗ ಸ್ವಂತ ಮನಿ. ಎರಡನೇವ್ರು ಗಣಿತದ ಅಕ್ಕೋರು, 2022ರಾಗ 15,000 ಜಿಪಿಟಿ (6ರಿಂದ 8ಕ್ಕ ಕಲಸೋ ಪದವೀಧರ ಶಿಕ್ಷಕರ) ಹುದ್ದೆ ಕರದ್ರಲ್ಲ, ಆ ಬ್ಯಾಚಿನವ್ರು, ಕೋರ್ಟ್ ಕೇಸು ಎಲ್ಲಾ ಮುಗದು 2023ರ ಕೊನಿಗೆ ಆರ್ಡರ್ ಸಿಕ್ಕಿತ್ತು, ಊರು ದಾವಣಗೆರಿ ಕಡೆ. ಮೂರನೇಯವ ತಾಂಡಾದ ಹುಡುಗ, ಬಿಎಸ್ಸಿ ಬಿಎಡ್, ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಪಾಸ್, ಅತಿಥಿ ಶಿಕ್ಷಕ. ಉಳದವ್ರು ಇಲ್ಲಂತಲ್ಲ, ಆದ್ರ ಸಾಲಿ ನಡಿಯೋದು ನಿಲ್ಲೋದು ಈ ಮೂರು ಮಂದಿ ಮ್ಯಾಲ.

ಈಗ ಪಗಾರ. ಕೆ. ಸುಧಾಕರ ರಾವ್ ಅಧ್ಯಕ್ಷತಿಯ 7ನೇ ರಾಜ್ಯ ವೇತನ ಆಯೋಗದ ವರದಿ ಮ್ಯಾಲ 2024ರ ಆಗಸ್ಟ್ 1ರಿಂದ ಹೊಸ ಪಗಾರ ಜಾರಿ ಆತು, ಹಳೇ ತುಟ್ಟಿ ಭತ್ಯೆ ಬೇಸಿಕ್ಕಿಗೆ ಕೂಡಿಸಿ, ಮ್ಯಾಲ 27.5% ಫಿಟ್‌ಮೆಂಟ್, ಅಂದ್ರ ಏರಿಕಿ. ಕೆಳಗಿನ ಕ್ಲಾಸಿನ ಪ್ರಾಥಮಿಕ ಶಿಕ್ಷಕರ ಶ್ರೇಣಿ 25,800 ಇದ್ದದ್ದು 41,300ರಿಂದ ಸುರು ಆತು, ಜಿಪಿಟಿಯವ್ರದು 27,650 ಇದ್ದದ್ದು 44,425. ಇದರ ಮ್ಯಾಲ ಡಿಎ (ತುಟ್ಟಿ ಭತ್ಯೆ), ಎಚ್‌ಆರ್‌ಎ (ಮನಿ ಬಾಡಿಗಿ ಭತ್ಯೆ). ಇದು ಕಮ್ಮಿ ಪಗಾರ ಅಂತ ನಾ ಅನ್ನಂಗಿಲ್ಲ, ನಮ್ಮ ತಾಲೂಕಿನ ಪ್ರೈವೇಟ್ ಇಂಗ್ಲಿಷ್ ಮೀಡಿಯಂ ಸಾಲಿಯಾಗ ಇದರ ಕಾಲು ಭಾಗಕ್ಕ ದುಡಿಯೋರು ಅದಾರ. ನಂದೂ ಇದೇ ಪಗಾರ, ಇದರಾಗ ಮಕ್ಳ ಓದಸ್ತೀನಿ, ಮನಿ ಕಟ್ಟೀನಿ, ಸುಳ್ಳ್ಯಾಕ ಹೇಳ್ಲಿ. ಆದ್ರ ಈ ಪಗಾರದ ಒಳಗ ಒಂದು ಡೊಂಕು ಐತಿ, ಅದನ್ನ ಯಾರೂ ಕೇಳಂಗಿಲ್ಲ.

ಡೊಂಕು ಎಚ್‌ಆರ್‌ಎ. ಬೆಂಗಳೂರಿನಾಗ ಇದ್ರ ಬೇಸಿಕ್‌ನ 20%, ಆಮ್ಯಾಲಿನ ದೊಡ್ಡ ಊರಿಗೆ 15%, ಉಳದ ಎಲ್ಲಾ ಕಡೆ 7.5%. ಗಣಿತದ ಅಕ್ಕೋರ ಬೇಸಿಕ್ 44,425 ಹಿಡದ್ರ ತಾಂಡಾ ಬಾಜೂ ಸಾಲಿಯಾಗ ಅವ್ರಿಗೆ ಸಿಗೋದು 3,332 ರೂಪಾಯಿ, ಇದೇ ಕೆಲಸ ಬೆಂಗಳೂರಿನಾಗ ಮಾಡಿದ್ರ 8,885. ತಿಂಗಳಿಗೆ ಐದೂವರಿ ಸಾವಿರ ಫರಕು. ಪ್ಯಾಟಿಯಾಗ ಬಾಡಿಗಿ ಜಾಸ್ತಿ, ಅದಕ್ಕ ಹಂಗ ಕೊಡತಾರ, ಒಪ್ಪೋಣ. ಆದ್ರ ಈ ಊರಾಗ ಬಾಡಿಗಿ ಮನಿನೇ ಇಲ್ಲಲ್ರಿ, ಸಂಡಾಸ ಇರೋ ಮನಿ ಅಂತೂ ದೂರದ ಮಾತು. ಹಿಂಗಾಗಿ ಮಾಸ್ತರು ಇಂಡಿಯಾಗ ಬಾಡಿಗಿ ಹಿಡೀತಾರ, ದಿನಾ ಟಂಟಂ ಇಲ್ಲಾ ಪಾಲಿನ ಗಾಡಿ ಖರ್ಚು ಬ್ಯಾರೆ. ಇಂಡಿ ಪ್ಯಾಟಿ ನಡುವ ಇರೋ ಸಾಲಿ ಮಾಸ್ತರಿಗೂ 7.5%, ಡಾಂಬರ ರಸ್ತೆ ಮುಗದು ಮಣ್ಣ ರಸ್ತೆ ಮ್ಯಾಲ ಮಳಿಗಾಲದಾಗ ಗಾಡಿ ತಳ್ಳಕೋತ ಬರೋರಿಗೂ 7.5%. ದೂರ ಹೋದಂಗ ಕೈಗೆ ಉಳಿಯೋ ರೊಕ್ಕ ಕಮ್ಮಿ ಆಗತೈತಿ, ಅಂದಮ್ಯಾಲ ಯಾರು ದೂರ ಇರತಾರ?

ವರ್ಗಾವಣೆ ಕಾಯ್ದೆ ಮಾತು ಬರತೈತಿ ಇಲ್ಲಿ. 2007ರದ್ದು ಒಂದಿತ್ತು, ಈಗ 2020ರದ್ದು ಐತಿ, ಎ ಬಿ ಸಿ ಅಂತ ವಲಯ ಮಾಡಿ (ಸಿ ಅಂದ್ರ ಪ್ಯಾಟಿಯಿಂದ ದೂರ ಇರೋ ಸಾಲಿ), ಪ್ಯಾಟಿಯಾಗ ವರ್ಷಾನುಗಟ್ಟಲೆ ಕುಂತವ್ರನ್ನ ಹೊರಗ ಕಳಸೋದು, ಕೌನ್ಸೆಲಿಂಗ್ ಮಾಡಿ ಎಲ್ಲಾರ ಮುಂದ ಜಾಗ ಕೊಡೋದು. ಮೊದ್ಲಿನ ಚೀಟಿ-ವಶೀಲಿ ಕಾಲಕ್ಕಿಂತ ಇದು ನೂರು ಪಾಲು ಚೊಲೋ, ಅದರಾಗ ಎರಡು ಮಾತಿಲ್ಲ. ಆದ್ರ ಖಾಲಿ ಹುದ್ದೆ ಒಂದು ಮಿತಿ ದಾಟಿದ ತಾಲೂಕಿನಿಂದ ಹೊರಗ ಬಿಡಂಗಿಲ್ಲ ಅನ್ನೋ ಶರತ್ತು ಐತಲ್ಲ, ಅದು ನಮ್ಮಂಥ ತಾಲೂಕಿಗೆ ಬಾಗಲಾ ಹಾಕಿ ಚಿಲಕ ಹಾಕಿದಂಗ. ಸಾಲಿ ಕಡಿಂದ ನೋಡಿದ್ರ ಸರಿ ಅನಸ್ತೈತಿ, ಮಾಸ್ತರ ಕಡಿಂದ ನೋಡಿದ್ರ, ಒಮ್ಮೆ ಇಲ್ಲಿ ಬಿದ್ರ ಮುಗೀತು ಅಂತ ಹೊಸಬ್ರು ಕೌನ್ಸೆಲಿಂಗಿನಾಗ ಈ ತಾಲೂಕಿನ ಹೆಸ್ರು ಕಂಡ್ರ ಅಂಜತಾರ. ಗಣಿತದ ಅಕ್ಕೋರ ಗಂಡಂದು ದಾವಣಗೆರಿಯಾಗ ಪ್ರೈವೇಟ್ ನೌಕರಿ, ಸರ್ಕಾರಿ ನೌಕರಿ ಇದ್ರ ಪತಿ-ಪತ್ನಿ ಪ್ರಕರಣದಾಗ ಆದ್ಯತಿ ಸಿಗತಿತ್ತು, ಪ್ರೈವೇಟಿಗೆ ಅದಿಲ್ಲ. ಹಿಂಗಾಗಿ ಆ ಅಕ್ಕೋರು ಎರಡೂ ಕಡೆ ಸಿಕ್ಕೊಂಡಾರ.

ಊರವ್ರು ಸುಮ್ನ ಕುಂತಿಲ್ಲ. ಎಸ್‌ಡಿಎಂಸಿ ಅಧ್ಯಕ್ಷರು ತಮ್ಮ ಹಳೇ ಮನಿ ಸುಣ್ಣಾ ಬಳಸಿ, ಸಂಡಾಸ ಕಟ್ಟಿಸಿ, "ಅಕ್ಕೋರ, ಬಾಡಿಗಿ ಒಂದ್ ಪೈಸಾ ಬ್ಯಾಡ್ರಿ, ಇಲ್ಲೇ ಇರ್ರಿ" ಅಂತ ಕರದ್ರು. ಅಕ್ಕೋರು ಬಂದ್ರು, ಮೂರು ವರ್ಷದ ಮಗಳನ್ನೂ ಕರಕೊಂಡು ಬಂದ್ರು. ಬ್ಯಾಸಗಿ ಬರೋ ತನಕ ನಡೀತು. ಆಮ್ಯಾಲ ನಳ ಎಂಟ ದಿನಕ್ಕೊಮ್ಮೆ ಬರಾಕತ್ತು, ಮಗಳಿಗೆ ಜ್ವರ ಬಂದ್ರ ರಾತ್ರಿ ಡಾಕ್ಟರಿಲ್ಲ, ವಸ್ತಿ ಬಸ್ಸು ಮುಂಜಾನಿ ಹೋದ್ರ ಮತ್ತ ಮಧ್ಯಾಹ್ನಕ್ಕ. ಅವ್ರು ಇಂಡಿಗೆ ಹೋಗಿ ಮನಿ ಮಾಡಿದ್ರು, ಇನ್ನಿಬ್ರು ಟೀಚರ್ ಜೋಡಿ ಕೂಡಿ ಒಂದು ಟಂಟಂ ಗೊತ್ತು ಮಾಡ್ಕೊಂಡ್ರು. ಊರಾಗ ಕೆಲವ್ರು ಸಿಟ್ಟಾದ್ರು, "ಪುಕ್ಕಟ ಮನಿ ಕೊಟ್ರೂ ಇರಲಿಲ್ಲ" ಅಂತ. ನನಗ ಆ ಸಿಟ್ಟು ಸರಿ ಅನಸ್ಲಿಲ್ಲ. ಊರಾಗಿನ ರೊಕ್ಕಸ್ತರ ಮಕ್ಳೇ ಇಂಡಿ-ವಿಜಯಪುರದಾಗ ರೂಮ್ ಮಾಡಿ ಓದಲಿಕತ್ತಾರ, ಅಕ್ಕೋರ ಮಗಳಷ್ಟ ಇಲ್ಲಿ ಇರಬೇಕೇನು?

ಚೊಲೋ ಆಗಿದ್ದು ಒಂದೈತಿ, ಅದು ಪುಕ್ಕಟ ಆಗಿದ್ದು. ಟಂಟಂ ಬರೋದು ಕೆಲವೊಮ್ಮೆ ತಡಾ ಆಗತೈತಿ ಅಂತ ಹಿರೇ ಅಕ್ಕೋರು ಟೈಮ್‌ಟೇಬಲ್ ತಿರುಗಿಸಿದ್ರು, ಗಣಿತ ಮೊದಲನೇ ಪಿರಿಯಡ್ ಬಿಟ್ಟು ಎರಡು-ಮೂರಕ್ಕ ಬಂತು, ಮೊದಲನೇ ಪಿರಿಯಡ್ ತಾಂಡಾದ ಸರ್ ಹಿಡಿದ್ರು. ಲೇಟ್ ಆದ್ರ ನೋಟಿಸ್ ಅನ್ನೋ ಅಂಜಿಕಿ ಹೋದಮ್ಯಾಲ ಗಣಿತದ ಅಕ್ಕೋರು ಸಂಜಿ ಮುಂದ ಅರ್ಧಾ ತಾಸು ತಾವಾಗೇ ನಿಲ್ಲಾಕತ್ರು. ಯಾವ ಆದೇಶದಾಗೂ ಬರದಿಲ್ಲ ಇದು.

ಈಗ ತಾಂಡಾದ ಸರ್ ಕಡೆ ಬರೋಣ. ಸುರುವಿಗೆ ಅವ್ರ ಗೌರವಧನ 7,500 ಇತ್ತು, 2022ರಾಗ 10,000 ಆತು, 2025ರ ಬಜೆಟ್ಟಿನಾಗ 2,000 ಏರ್ಸಿದಮ್ಯಾಲ ಈಗ 12,000. ಅದೂ ಹನ್ನೆರಡು ತಿಂಗಳದ್ದಲ್ಲ, ಸಾಲಿ ನಡಿಯೋ ತಿಂಗಳದ್ದಷ್ಟ, ಏಪ್ರಿಲ್-ಮೇ ಏನೂ ಇಲ್ಲ, ನಡುವ ಅನುದಾನ ತಡಾ ಆದ್ರ ಮೂರು ತಿಂಗಳದ್ದು ಕೂಡೇ ಬರತೈತಿ. 2025-26ಕ್ಕ ನಮ್ಮ ರಾಜ್ಯದಾಗ ನರೇಗಾ ಕೂಲಿ ದಿನಕ್ಕ 370, 26 ದಿನ ಹೋದ್ರ 9,620. ಬಿಎಡ್ ಮಾಡಿ ಟಿಇಟಿ ಪಾಸ್ ಆದವಂಗೂ ಗುದ್ಲಿ ಹಿಡಿದವಂಗೂ ತಿಂಗಳಿಗೆ ಎರಡು ಸಾವಿರದ ಚಿಲ್ಲರ ಫರಕು. ಬಾಜೂ ಕ್ಲಾಸಿನಾಗ ಇದೇ 6-7-8ಕ್ಕ ಪಾಠ ಮಾಡೋ ಜಿಪಿಟಿಯವ್ರ ಬರೇ ಬೇಸಿಕ್ 44,425. ಪ್ರತಿ ಜೂನಿಗೆ ಹೊಸಾ ಅರ್ಜಿ, ಖಾಲಿ ಜಾಗಕ್ಕ ಕಾಯಂನವ್ರು ಬಂದ್ರ ಅವತ್ತೇ ಮನಿಗೆ. ಹಿಂದಿನ ವರ್ಷ ಎಷ್ಟು ಚೊಲೋ ಕಲಸಿದ್ರೂ ಅದು ಅರ್ಜಿಯೊಳಗ ಎಲ್ಲೂ ಕೂಡಂಗಿಲ್ಲ.

ಈ ಸರ್ ಯಾಕ ಬೇಕು ಅನ್ನೋದು ಒಂದು ಪ್ರಸಂಗದಾಗ ಹೇಳತೀನಿ. ನಾನು, ಒಬ್ರು ಬಿಆರ್‌ಪಿ (ತಾಲೂಕು ಮಟ್ಟದ ಸಂಪನ್ಮೂಲ ವ್ಯಕ್ತಿ) ಭೇಟಿಗೆ ಹೋಗಿದ್ವಿ, 6ನೇ ಕ್ಲಾಸು, ಬೋರ್ಡಿನ ಮ್ಯಾಲ 304ರಾಗ 128 ಕಳಿ ಅಂತ ಬರದು ತಾಂಡಾದ ಒಬ್ಬ ಹುಡುಗನ್ನ ಎಬ್ಬಿಸಿದ್ವಿ. ಹುಡುಗ ಸ್ವಲ್ಪ ಹೊತ್ತು ನಿಂತು 224 ಅಂತ ಬರದ. ಯಾವ ಅಂಕಿ ದೊಡ್ಡದೋ ಅದರಾಗ ಸಣ್ಣದು ಕಳದು ಹಾಕ್ಯಾನ, ಸೊನ್ನಿಯಿಂದ ಸಾಲ ತಗೋಳೋದು ತಿಳಿದಿಲ್ಲ. ಸರ್ ಬೈಲಿಲ್ಲ, ಅವರ ತಾಂಡಾ ಮಾತಿನ್ಯಾಗ ಏನೋ ಕೇಳಿದ್ರು, ಹುಡುಗ ನಕ್ಕ. ಆಮ್ಯಾಲ ನನಗ ಹೇಳಿದ್ರು: ಹತ್ತು ಗಳದ್ದು ಒಂದು ಕಬ್ಬಿನ ಹೊರಿ, ಹತ್ತು ಹೊರಿ ಕೂಡಿದ್ರ ಒಂದು ಒಟ್ಲು, ಈಗ ಮೂರು ಒಟ್ಲು ಐತಿ, ಬಿಡಿ ಹೊರಿ ಇಲ್ಲ, ನಾಕ ಗಳ ಅದಾವ, ಮಾಲಕ ಒಂದು ಒಟ್ಲು, ಎರಡು ಹೊರಿ, ಎಂಟು ಗಳ ಕೇಳ್ಯಾನ, ಏನ್ ಬಿಚ್ಚತಿ? ಹುಡುಗ ಅಪ್ಪ-ಅವ್ವನ ಸಂಗಾಟ ಕಬ್ಬು ಕಡಿಯಾಕ ಹೋಗಿ ಬಂದವ, ಅವಂಗ ಹೊರಿ ಬಿಚ್ಚೋದು ಗೊತ್ತೈತಿ. ಮೊದ್ಲ ಒಟ್ಲು ಬಿಚ್ಚಿ ಹತ್ತು ಹೊರಿ ಮಾಡಿದ, ಅದರಾಗ ಒಂದು ಹೊರಿ ಬಿಚ್ಚಿದ, 176 ಬಂತು. ದಾವಣಗೆರಿ ಅಕ್ಕೋರಿಗೆ ಗಣಿತ ಇವರಿಗಿಂತ ಜಾಸ್ತಿನೇ ಬರತೈತಿ, ಇದು ಬರಂಗಿಲ್ಲ. ಅವ್ರೇ ಹೇಳ್ಯಾರ, "ಸರ್, ಅವ್ರು ಇದ್ದಾಗ ಕ್ಲಾಸೇ ಬೇರೆ" ಅಂತ.

ಆದ್ರ ಭೇಟಿ ಫಾರ್ಮ್ ತುಂಬೋ ಹೊತ್ತಿನ್ಯಾಗ ಏನಾತು? ಹಾಜರಿ ಸರಿ, ಪಾಠ ಟಿಪ್ಪಣಿ ಸರಿ, ಮೌಲ್ಯಮಾಪನ ವಹಿ ಸರಿ, ಬಿಸಿಯೂಟದ ರಜಿಸ್ಟರ್ ಸರಿ. ಶಿಕ್ಷಕರ ಹೆಸರಿನ ಮುಂದ ಕೆಜಿಐಡಿ ನಂಬರ್ (ಕಾಯಂ ಸರ್ಕಾರಿ ನೌಕರರ ವಿಮಾ ನಂಬರ್) ಹಾಕಬೇಕು, ತಾಂಡಾದ ಸರ್‌ಗೆ ಅದಿಲ್ಲ, ಹಂಗಾಗಿ ಆ ಕ್ಲಾಸು ಕಾಯಂನವ್ರ ಹೆಸರಿನ್ಯಾಗ ಹೋತು. ಹೊರಿ ಬಿಚ್ಚಿದ್ದಕ್ಕ ಕಾಲಂ ಇಲ್ಲ, 224 ಬರದಿದ್ದಕ್ಕೂ ಕಾಲಂ ಇಲ್ಲ. ಆ ಕಡೆ ಕಾಯಂ ಮಂದಿಗೆ ಕಾರ್ಯನಿರ್ವಹಣಾ ವರದಿ ಅಂತ ವರ್ಷಕ್ಕೊಮ್ಮೆ ಒಂದು ಹೋಗತೈತಿ, ಬಹುತೇಕ ಎಲ್ಲಾರದೂ "ಉತ್ತಮ". ಪಗಾರಕ್ಕೂ ಅದಕ್ಕೂ ಸಂಬಂಧ ಕಮ್ಮಿ. ವರ್ಷದ ಇನ್‌ಕ್ರಿಮೆಂಟು ತಾನಾಗೇ ಬರತೈತಿ, 10 ವರ್ಷಕ್ಕ ಕಾಲಮಿತಿ ಬಡ್ತಿ, 15ಕ್ಕ ಇನ್ನೊಂದು, 20, 25, 30ಕ್ಕ ಮತ್ತ. ಇಲಾಖಾ ವಿಚಾರಣೆ ಇಲ್ಲಂದ್ರ ಸಾಕು. ಹೈಸ್ಕೂಲಿನಾಗ ಇದರ ಉಲ್ಟಾ, ಎಸ್‌ಎಸ್‌ಎಲ್‌ಸಿ ರಿಸಲ್ಟ್ ಬಿದ್ರ ಹೆಡ್‌ಮಾಸ್ತರಿಗೆ ನೋಟಿಸು, ಇನ್‌ಕ್ರಿಮೆಂಟ್ ತಡೀತೀವಿ ಅನ್ನೋ ಧಮ್ಕಿ. 6ನೇತ್ತದಾಗ ಕಳಿಯೋ ಲೆಕ್ಕ ತಿಳೀಲಾರದ ಹುಡುಗ 10ನೇತ್ತದಾಗ ಫೇಲಾದ್ರ ಆ ಹೈಸ್ಕೂಲ್ ಮಾಸ್ತರ ಇನ್‌ಕ್ರಿಮೆಂಟ್ ನಿಲ್ಲಿಸೋದು ಯಾವ ನ್ಯಾಯ ಅಂತ ನನಗಿನ್ನೂ ತಿಳಿದಿಲ್ಲ.

ಇದರ ಮ್ಯಾಲ 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ತೀರ್ಪು ಬಂತು, ಐದು ವರ್ಷಕ್ಕಿಂತ ಜಾಸ್ತಿ ಸೇವಾ ಉಳಿದಿರೋ 1ರಿಂದ 8ನೇ ಕ್ಲಾಸಿನ ಶಿಕ್ಷಕರು ಎರಡು ವರ್ಷದಾಗ ಟಿಇಟಿ ಪಾಸ್ ಮಾಡಬೇಕು ಅಂತ. ಟಿಇಟಿ ಕಡ್ಡಾಯ ಆಗಿದ್ದು 2010ರಾಗ, ಹಿರೇ ಅಕ್ಕೋರು ಸೇರಿದ್ದು 2001ರಾಗ. ಅವ್ರು ರಾತ್ರಿ ಕುಂತು ಮಕ್ಕಳ ಮನೋವಿಜ್ಞಾನ ಓದಲಿಕತ್ತಾರ, ಮಗಳು ಪ್ರಶ್ನೆ ಕೇಳತಾಳಂತ. ಇದು ಅವ್ರಿಗೆ ಅನ್ಯಾಯ ಅಂತ ಸ್ಟಾಫ್ ರೂಮಿನ್ಯಾಗ ಎಲ್ಲಾರೂ ಅಂತಾರ, ಅನ್ಯಾಯ ಹೌದೂ ಹೌದು, ಆದ್ರ ಅದೇ ಸ್ಟಾಫ್ ರೂಮಿನ್ಯಾಗ ಟಿಇಟಿ ಪಾಸಾದವ 12,000ಕ್ಕ ಕುಂತಾನ, ಅವನ ಮುಂದ ಈ ಮಾತು ಆಡೋ ಹೊತ್ತಿನ್ಯಾಗ ಎಲ್ಲಾರ ಕಣ್ಣೂ ಚಾ ಕಪ್ಪಿನ ಮ್ಯಾಲ ಇರತಾವ.

ಹಂಗಾರ ಪಗಾರ-ಕಲಿಕೆ ಸಂಬಂಧ ಯಾರೂ ನೋಡಿಲ್ಲೇನು? ನೋಡ್ಯಾರ, ದೂರ ಇಲ್ಲ, ಆಂಧ್ರದಾಗೇ. ಕಾರ್ತಿಕ್ ಮುರಳೀಧರನ್, ವೆಂಕಟೇಶ್ ಸುಂದರರಾಮನ್ ಅಂತ ಇಬ್ರು 2005ರಿಂದ ಅಲ್ಲಿ ಸರ್ಕಾರಿ ಸಾಲಿಗಳ ಮ್ಯಾಲ ಮಾಡಿದ ಪ್ರಯೋಗ ಐತಿ. ಹುಡುಗ್ರ ಕಲಿಕೆ ಎಷ್ಟು ಏರತೈತೋ ಅಷ್ಟು ಬೋನಸ್, ಸರಾಸರಿ ವರ್ಷದ ಪಗಾರದ 3% ಆಸುಪಾಸು. ಎರಡು ವರ್ಷಕ್ಕ ಆ ಸಾಲಿ ಹುಡುಗ್ರು ಗಣಿತದಾಗ 0.27, ಭಾಷಾದಾಗ 0.17 ಸ್ಟ್ಯಾಂಡರ್ಡ್ ಡೀವಿಯೇಶನ್ (ಮಾರ್ಕಿನ ಹರವು ಅಳಿಯೋ ಮಾನ) ಮುಂದ ಹೋದ್ರು. ಅದೇ ಸರಣಿಯಾಗ ಕಾಯಂ ಪಗಾರದ ಐದನೇ ಪಾಲಿಗೆ ದುಡಿಯೋ ಗುತ್ತಿಗೆ ಮಾಸ್ತರು ಕಲಸೋದ್ರಾಗ ಕಮ್ಮಿ ಇಲ್ಲ ಅಂತಾನೂ ಬಂತು. ಇಂಡೋನೇಷ್ಯಾದಾಗ ಇದರ ಉಲ್ಟಾ, ಸರ್ಟಿಫಿಕೇಟ್ ಇದ್ದ ಮಾಸ್ತರಿಗೆ ಬೇಸಿಕ್ ಪಗಾರ ಡಬಲ್ ಮಾಡಿದ್ರು, ಮಾಸ್ತರು ಖುಷಿ ಆದ್ರು, ಹುಡುಗ್ರ ಕಲಿಕೆ ಇದ್ದಲ್ಲೇ ಉಳೀತು. ಇದನ್ನ ಓದಿ ನಮ್ಮ ದೊಡ್ಡ ಮಂದಿ ಕಲ್ತ ಪಾಠ, "ಅಗ್ಗದ ಮಾಸ್ತರ ಸಾಕು" ಅಂತ. ಅದು ಅರ್ಧಾ ಓದು. ಅವ್ರು ಚೊಲೋ ಕಲಸಿದ್ದು ಅಗ್ಗ ಇದ್ದಿದ್ದಕ್ಕಲ್ಲ, ಅದೇ ಊರಿನವ್ರು, ದಿನಾ ಬರತಾರ, ಹುಡುಗ್ರ ಮನಿ ಗೊತ್ತು ಅನ್ನೋದು ನನ್ನ ತಿಳಿವಳಿಕಿ. ಅಂಥವ್ರನ್ನ 12,000ಕ್ಕ ಎಷ್ಟು ವರ್ಷ ಹಿಡಿದಿಡತೀರಿ? ಆಫ್ರಿಕಾದ ಗ್ಯಾಂಬಿಯಾದಾಗ 2006ರಾಗ ಮುಖ್ಯ ರಸ್ತೆಯಿಂದ 3 ಕಿ.ಮೀ. ಆಚೆ ಇರೋ ದೂರದ ಸಾಲಿ ಮಾಸ್ತರಿಗೆ ಪಗಾರದ ಮ್ಯಾಲ 30ರಿಂದ 40% ಕಷ್ಟದ ಭತ್ಯೆ ಕೊಟ್ರು, ಅಲ್ಲಿಗೆ ತರಬೇತಿ ಆದ ಮಾಸ್ತರು ಹೋಗಾಕತ್ರು. ನಮಗ 40 ಬ್ಯಾಡ್ರಿ, ಬೆಂಗಳೂರಿನ 20% ಐತಲ್ಲ, ಅದನ್ನ ಸಿ ವಲಯದ ಸಾಲಿಗೂ ಕೊಡ್ರಿ, ಪ್ಯಾಟಿಯಾಗ ಬಾಡಿಗಿ ಹಿಡದು ದಿನಾ ಬಂದು ಹೋಗೋ ಖರ್ಚು ಅದರಾಗ ಹೋಗತೈತಿ. ಮೌಲ್ಯಮಾಪನ ಬೇಕೇ ಬೇಕು ಅಂದ್ರ ಒಬ್ಬೊಬ್ರಿಗೆ ಮಾಡಬ್ಯಾಡ್ರಿ, ಜೂನಿನಾಗ ಹುಡುಗ್ರಿಗೆ ಏನು ಬರತಿತ್ತು, ಫೆಬ್ರವರಿಗೆ ಏನು ಬರತೈತಿ ಅಂತ ಇಡೀ ಸಾಲಿದು ನೋಡ್ರಿ, ಬಂದ ಬೋನಸ್ಸಿನಾಗ ಅತಿಥಿ ಶಿಕ್ಷಕರಿಗೂ ಸಮಾ ಪಾಲು ಇರಲಿ. ಐದು ಮಂದಿ ಇರೋ ಸಾಲಿಯಾಗ ಯಾರು ಕಲಸಿದ್ರು ಅಂತ ಬ್ಯಾರೆ ಬ್ಯಾರೆ ಮಾಡಾಕ ಹೋದ್ರ ಆ ಟೈಮ್‌ಟೇಬಲ್ ತಿರುಗಿಸಿದ್ರಲ್ಲ, ಅಂಥ ಕೆಲಸ ಯಾರೂ ಮಾಡಂಗಿಲ್ಲ.

ಊರವ್ರು ತಮ್ಮ ಕೈಲಾದದ್ದು ಇದರಾಗೂ ಮಾಡಿದ್ರು. ಲಿಂಬಿ ತೋಟದವ್ರು ಎಕರೆಕ್ಕ ಇಷ್ಟು ಅಂತ ವಂತಿಗಿ ಹಾಕಿ ತಾಂಡಾದ ಸರ್‌ಗೆ ಏಪ್ರಿಲ್-ಮೇ ರೊಕ್ಕ ಕೊಟ್ರು, ಅವ್ರು ಬ್ಯಾಸಗಿಯಾಗ ಹಿಂದುಳಿದ ಹುಡುಗ್ರಿಗೆ ಕ್ಲಾಸು ಹಿಡಿದ್ರು. ಲಿಂಬಿ ರೇಟು ಬಿದ್ದ ವರ್ಷ ವಂತಿಗಿ ನಿಂತೇ ಹೋತು, ಕೇಳಾಕ ಹೋದವ್ರಿಗೆ "ಸರ್ಕಾರ ಏನ್ ಮಾಡತೈತಿ?" ಅಂದ್ರು. ಖರೇ ಪ್ರಶ್ನೆ.

2025ರಾಗ ಇನ್ನೊಂದು ಪೆಟ್ಟು ಬಿತ್ತು. ಸೆಪ್ಟೆಂಬರ್ 22ರಿಂದ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆ, ಮಾಸ್ತರೇ ಗಣತಿದಾರರು, ಮುಗೀಲಿಲ್ಲ ಅಂತ ದಸರಾ ರಜಾ ಅಕ್ಟೋಬರ್ 18ರ ತನಕ ಹೋತು, ಅದರ ಬೆನ್ನಿಗೆ ದೀಪಾವಳಿ. ಬೆಂಗಳೂರಿನಾಗ ಇದು ಎರಡು ವಾರದ ಪಾಠ ಹೋದಂಗ, ನಮ್ಮ ತಾಂಡಾಕ್ಕ ಹಂಗಲ್ಲ. ದೀಪಾವಳಿ ಸುತ್ತಮುತ್ತ ಕಬ್ಬಿನ ಗ್ಯಾಂಗು ಮಹಾರಾಷ್ಟ್ರಕ್ಕ ಹೊಂಟು ಬಿಡತಾವ, ಸಾಲಿ ತೆರದಾಗ ಆ ಹುಡುಗ್ರು ಊರಾಗೇ ಇರಲಿಲ್ಲ. ತಾಂಡಾದ ಸರ್ ಫೋನ್ ಮಾಡಿ ಅಜ್ಜಿ-ಮುತ್ಯಾ ಹತ್ರ ಬಿಟ್ಟು ಹೋಗ್ರಿ ಅಂತ ಕೆಲವು ಮನ್ಯಾಗ ಒಪ್ಪಿಸಿದ್ರು, ಕಬ್ಬಿನ ಹೊರಿ ಬಿಚ್ಚಿದ ಆ ಹುಡುಗ ಹಂಗ ಉಳದ.

ಗಣಿತದ ಅಕ್ಕೋರು ಈಗೂ ಅದಾರ, ಹೈಸ್ಕೂಲ್ ಹುದ್ದೆ ಕರದ್ರ ಹಾಕೋದು ಗ್ಯಾರಂಟಿ ಅಂತ ಬಾಯಿ ಬಿಟ್ಟೇ ಹೇಳ್ಯಾರ, ಎಸ್‌ಡಿಎಂಸಿ ಅವ್ರಿಗೂ ಗೊತ್ತು. ತಾಂಡಾದ ಸರ್ ಕೂಡ ಮುಂದಿನ ಜಿಪಿಟಿ ನೇಮಕಾತಿಗೆ ಓದಲಿಕತ್ತಾರ, ವಯಸ್ಸಿನ ಮಿತಿ ಹತ್ರ ಬಂದೈತಿ. ಅವ್ರು ಪಾಸಾದ್ರ ಪೋಸ್ಟಿಂಗ್ ಕೌನ್ಸೆಲಿಂಗಿನಾಗ, ರ‍್ಯಾಂಕ್ ಪ್ರಕಾರ, ಅವತ್ತು ಪಟ್ಟಿಯಾಗ ಯಾವ ಸಾಲಿ ಖಾಲಿ ಉಳಿದಿರತಾವೋ ಅದರಾಗ. "ನಮ್ಮ ಸಾಲಿನೇ ಸಿಗೂ ಹಂಗ ಏನರ ಮಾಡಾಕ ಬರತೈತೇನ್ರಿ ಸರ?" ಅಂತ ಅಧ್ಯಕ್ಷರು ಹೋದ ವಾರ ಕೇಳಿದ್ರು. ಸಧ್ಯದ ನಿಯಮದಾಗ ಇಲ್ರಿ ಅಂದೆ. "ಹಂಗಾರ ಪಾಸಾಗಲಿ ಅಂತ ಬೇಡ್ಕೋಬೇಕೋ, ಬ್ಯಾಡೋ?" ಅಂದ್ರು. ಪಾಸಾಗಲಿ ಅಂತನ ಬೇಡ್ಕೊರಿ, ಆ ಹುಡುಗಂಗೂ ಹೆಂಡ್ತಿ-ಮಕ್ಳು ಅದಾರ ಅಂದೆ.